ಕೈವಾರ ತಾತಯ್ಯನವರ ತತ್ವಪದ ಭಜನೆ

ಕೈವಾರ ತಾತಯ್ಯನವರ ತತ್ವಪದ ಭಜನೆಯು ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳ ಗ್ರಾಮಗಳಲ್ಲಿ ಭಜನೆ ಮಂಡಳಿಗಳು ಉಳಿಸಿಕೊಂಡು ಬಂದಿರುವ ಸಾಮೂಹಿಕ ಗಾಯನ ಸಂಪ್ರದಾಯ. ಪದಗಳ ಕರ್ತೃ ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ಯತೀಂದ್ರರು. ಬಳೆ ವ್ಯಾಪಾರದಿಂದ ಸಂಸಾರ ನಡೆಸುತ್ತಿದ್ದ ಇವರ ಕಾಲವನ್ನು ಸಂಪ್ರದಾಯವು 1726–1836 ಎಂದು ಹೇಳುತ್ತದೆ.

ಹಾರ್ಮೋನಿಯಂ, ತಬಲ ಹಾಗೂ ತಾಳಗಳು ಭಜನೆಯ ಮುಖ್ಯ ವಾದ್ಯಗಳು. ಒಬ್ಬರು ಚರಣವನ್ನು ಎತ್ತಿಕೊಡುತ್ತಾರೆ, ಉಳಿದವರು ಪಲ್ಲವಿಯನ್ನು ಹಿಡಿಯುತ್ತಾರೆ. ಕೇಳಲು ಬಂದವರೂ ದನಿಗೂಡಿಸುವುದರಿಂದ ಇಲ್ಲಿ ಗಾಯಕ–ಶ್ರೋತೃ ಎಂಬ ಭೇದ ಬಹಳ ಹೊತ್ತು ನಿಲ್ಲುವುದಿಲ್ಲ.

ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ರಚಿಸಿದ್ದಾರೆ, ತೆಲುಗಿನವೇ ಹೆಚ್ಚು. ಮಂಚೇನಹಳ್ಳಿ, ಗೌರಿಬಿದನೂರು, ಚಿಂತಾಮಣಿಯಂತಹ ಗಡಿಸೀಮೆಯಲ್ಲಿ ಅನೇಕರ ಮನೆಮಾತು ತೆಲುಗು, ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡ. ಆದಕಾರಣ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುವುದು ರೂಢಿಯಾಗಿದೆ. ಅಚ್ಚಾದ ಪುಸ್ತಕಗಳೂ ಕನ್ನಡ ಲಿಪಿಯಲ್ಲಿ ದೊರೆಯುತ್ತವೆ. ತೆಲುಗಿನ ಬಳಕೆ ತಪ್ಪಿದ ಕಿರಿಯರಿಗೆ ಇದರಿಂದ ಓದು ಸುಲಭ, ಅರ್ಥ ಕಠಿಣ. ದೇಹವನ್ನು, ಉಸಿರನ್ನು, ಗುರುವನ್ನು ಒಗಟಿನ ಮಾತಿನಲ್ಲಿ ಹೇಳುವ ತತ್ವಪದಗಳಿಗೆ ಲಿಪಿಯೊಂದೇ ಸಾಲದು. ಪದದ ನಡುವೆ ನಿಲ್ಲಿಸಿ ಅರ್ಥ ಬಿಡಿಸುವ ಹಿರಿಯರಿಲ್ಲದ ಮಂಡಳಿಯಲ್ಲಿ ಧಾಟಿ ಮಾತ್ರ ಉಳಿದೀತು.

ಗುರುಪೂರ್ಣಿಮೆಯಂದು ಕೈವಾರದಲ್ಲಿ ಜರುಗುವ ಗುರುಪೂಜಾ ಸಂಗೀತೋತ್ಸವವು 72 ಗಂಟೆಗಳ ಕಾಲ ಎಡೆಬಿಡದೆ ಸಾಗುತ್ತದೆ. ನೆರೆಯ ಆಂಧ್ರಪ್ರದೇಶ, ತಮಿಳುನಾಡುಗಳಿಂದಲೂ ಭಕ್ತರು ಬರುತ್ತಾರೆ. ಶಾಸ್ತ್ರೀಯ ಸಂಗೀತದ ವಿದ್ವಾಂಸರು ಹಾಡಿದ ವೇದಿಕೆಯಲ್ಲೇ ಹಳ್ಳಿಯ ಭಜನೆ ತಂಡಗಳೂ ಹಾಡುತ್ತವೆ.