ಕ್ಯಾಪ್ಟನ್ ಲಕ್ಷ್ಮೀ ಸೆಹಗಲ್: ಸೇನಾ ಶಿಬಿರದಿಂದ ಹೆರಿಗೆ ಕೋಣೆಗೆ

ಆಜಾದ್ ಹಿಂದ್ ಫೌಜಿನ ಝಾನ್ಸಿ ರಾಣಿ ರೆಜಿಮೆಂಟಿನ ನಾಯಕಿಯಾಗಿದ್ದ ಡಾ. ಲಕ್ಷ್ಮೀ ಸೆಹಗಲ್ ಅವರು 2012ರ ಜುಲೈ 23ರಂದು ಕಾನ್ಪುರದಲ್ಲಿ ನಿಧನರಾದಾಗ ಅವರಿಗೆ 97 ವರ್ಷ. ಅವರು ಸಮವಸ್ತ್ರ ಧರಿಸಿದ್ದು ಪೂರ್ತಿ ಮೂರು ವರ್ಷವೂ ಅಲ್ಲ. ಆದರೂ ‘ಕ್ಯಾಪ್ಟನ್’ ಎಂಬ ಹೆಸರು ಕೊನೆಯವರೆಗೆ ಅವರೊಂದಿಗೇ ಉಳಿಯಿತು.

ಲಕ್ಷ್ಮೀ ಅವರು ಜನಿಸಿದ್ದು 1914ರ ಅಕ್ಟೋಬರ್ 24ರಂದು, ಮದರಾಸಿನಲ್ಲಿ. ತಂದೆ ಎಸ್. ಸ್ವಾಮಿನಾಥನ್ ಮದರಾಸು ಹೈಕೋರ್ಟಿನ ಹೆಸರಾಂತ ವಕೀಲರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗಳನ್ನು ಒಳಗೊಂಡ ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲೇ ಇದ್ದುದರಿಂದ ಈ ಭಾಗದ ಜನರ ಮೇಲ್ಮನವಿಗಳೂ ಅದೇ ಹೈಕೋರ್ಟಿನ ಮೆಟ್ಟಿಲೇರುತ್ತಿದ್ದವು. ತಾಯಿ ಅಮ್ಮು ಸ್ವಾಮಿನಾಥನ್ ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯೆಯಾದರು. ತಂಗಿ ಮೃಣಾಲಿನಿ ಸಾರಾಭಾಯಿ ನೃತ್ಯಲೋಕಕ್ಕೆ ಚಿರಪರಿಚಿತರು.

1938ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಲಕ್ಷ್ಮೀ, ಸ್ತ್ರೀರೋಗ ಮತ್ತು ಪ್ರಸೂತಿ ಶಾಸ್ತ್ರದಲ್ಲಿ ಡಿಪ್ಲೊಮಾ ಪೂರೈಸಿದರು. ವಿಮಾನ ಚಾಲಕರೊಬ್ಬರೊಂದಿಗಿನ ಮೊದಲ ವಿವಾಹ ಮುರಿದುಬಿದ್ದ ನಂತರ 1940ರಲ್ಲಿ ಸಿಂಗಪುರಕ್ಕೆ ತೆರಳಿ, ಭಾರತದಿಂದ ವಲಸೆ ಹೋಗಿದ್ದ ಬಡ ಕೂಲಿಕಾರರಿಗಾಗಿ ದವಾಖಾನೆ ತೆರೆದರು.

1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನೀಯರ ವಶವಾಯಿತು. ಮರುವರ್ಷ ಜುಲೈನಲ್ಲಿ ಅಲ್ಲಿಗೆ ಬಂದ ಸುಭಾಷ್ ಚಂದ್ರ ಬೋಸ್ ಅವರು ಮಹಿಳೆಯರದೇ ಒಂದು ರೆಜಿಮೆಂಟ್ ಕಟ್ಟುವ ಇಂಗಿತ ವ್ಯಕ್ತಪಡಿಸಿದರು. ಅದರ ಹೊಣೆಯನ್ನು ಈ ಯುವ ವೈದ್ಯೆ ಹೊತ್ತರು. ಮಲಯಾದ ರಬ್ಬರ್ ತೋಟಗಳ ಕೂಲಿ ಕುಟುಂಬಗಳಿಂದ ಬಂದ, ಭಾರತವನ್ನು ಒಮ್ಮೆಯೂ ಕಂಡಿರದ ಹೆಣ್ಣುಮಕ್ಕಳು ಸಹ ಬಂದೂಕು ಹಿಡಿಯಲು ಕಲಿತರು. 1943ರ ಅಕ್ಟೋಬರ್ 21ರಂದು ಘೋಷಿತವಾದ ಆಜಾದ್ ಹಿಂದ್ ಸರ್ಕಾರದಲ್ಲಿ ಮಹಿಳಾ ವ್ಯವಹಾರಗಳ ಹೊಣೆಯೂ ಲಕ್ಷ್ಮೀ ಅವರದಾಯಿತು.

ರೆಜಿಮೆಂಟ್ ಬರ್ಮಾ ತಲುಪಿತಾದರೂ ಇಂಫಾಲ ಕಾರ್ಯಾಚರಣೆ ವಿಫಲಗೊಂಡಿದ್ದರಿಂದ ದೆಹಲಿಯತ್ತ ನಡೆಯುವ ಕನಸು ಕೈಗೂಡಲಿಲ್ಲ. ಚಲನಚಿತ್ರಗಳಲ್ಲಿ ಕಾಣುವಂಥ ಮಹಾಸಮರವನ್ನು ಈ ಹೆಣ್ಣುಮಕ್ಕಳು ನಡೆಸಲಿಲ್ಲ ಎಂಬುದು ನಿಜ. ಗಾಯಾಳುಗಳ ಶುಶ್ರೂಷೆ, ಬಾಂಬ್ ದಾಳಿಗಳ ನಡುವಿನ ಹಿಮ್ಮೆಟ್ಟುವಿಕೆ, ಇವೇ ಅವರ ಯುದ್ಧವಾಗಿದ್ದವು. 1945ರ ಮೇ ತಿಂಗಳಲ್ಲಿ ಬ್ರಿಟಿಷರ ಸೆರೆಗೆ ಸಿಕ್ಕ ಲಕ್ಷ್ಮೀ ಅವರನ್ನು 1946ರ ಮಾರ್ಚ್‌ವರೆಗೆ ಬರ್ಮಾದಲ್ಲೇ ಇರಿಸಲಾಯಿತು.

ಅದೇ ವೇಳೆ, 1945ರ ಕೊನೆಯಲ್ಲಿ, ದೆಹಲಿಯ ಕೆಂಪುಕೋಟೆಯಲ್ಲಿ ಕರ್ನಲ್ ಪ್ರೇಮ್ ಕುಮಾರ್ ಸೆಹಗಲ್, ಷಾ ನವಾಜ್ ಖಾನ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ನಡೆಯಿತು. ವಿಧಿಸಲಾದ ಜೀವಾವಧಿ ಗಡೀಪಾರು ಶಿಕ್ಷೆ ಜನಾಕ್ರೋಶದಿಂದಾಗಿ ರದ್ದಾಯಿತು. 1947ರ ಮಾರ್ಚ್‌ನಲ್ಲಿ ಲಾಹೋರಿನಲ್ಲಿ ಪ್ರೇಮ್ ಸೆಹಗಲ್ ಅವರನ್ನು ಲಕ್ಷ್ಮೀ ವರಿಸಿದರು. ಆದರೆ ಸೇನಾಧಿಕಾರಿಯ ಪತ್ನಿಗೆ ಸಲ್ಲಬೇಕಾದ ದಂಡು ಪ್ರದೇಶದ ಬಂಗಲೆಯಾಗಲಿ, ಸೌಲಭ್ಯಗಳಾಗಲಿ ಅವರಿಗೆ ದೊರೆಯಲಿಲ್ಲ. ಏಕೆಂದರೆ ಸ್ವತಂತ್ರ ಭಾರತವು ಆಜಾದ್ ಹಿಂದ್ ಫೌಜಿನವರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ದಂಪತಿ ಕಾನ್ಪುರದಲ್ಲಿ ನೆಲೆಸಿದರು. ಸುಭಾಷಿಣಿ ಮತ್ತು ಅನಿಸಾ ಎಂಬ ಇಬ್ಬರು ಪುತ್ರಿಯರು ಜನಿಸಿದರು. ಹಿರಿಯ ಮಗಳು ಸುಭಾಷಿಣಿ ಅಲಿ 1989ರಲ್ಲಿ ಕಾನ್ಪುರದಿಂದಲೇ ಲೋಕಸಭೆಗೆ ಆಯ್ಕೆಯಾದರು.

ದೇಶ ವಿಭಜನೆಯ ನಿರಾಶ್ರಿತರು ಕಾನ್ಪುರಕ್ಕೆ ಬಂದಾಗ ತೊಡಗಿದ ಚಿಕಿತ್ಸೆ ಮತ್ತೆ ನಿಲ್ಲಲಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರ, 1984ರಲ್ಲಿ ಅನಿಲ ದುರಂತಕ್ಕೀಡಾದ ಭೋಪಾಲ್, ಎಲ್ಲೆಡೆಯೂ ಅವರು ವೈದ್ಯೆಯಾಗಿ ಹಾಜರಿದ್ದರು. 1984ರಲ್ಲೇ ಸಿಖ್ಖರ ವಿರುದ್ಧ ಗಲಭೆ ಭುಗಿಲೆದ್ದಾಗ ತಮ್ಮ ದವಾಖಾನೆಯ ಆಸುಪಾಸಿನಲ್ಲಿ ಬೀದಿಗಿಳಿದು ಗುಂಪುಗಳನ್ನು ಎದುರಿಸಿದರು. ಆಗ ಅವರಿಗೆ 70 ವರ್ಷ.

ಸಿಪಿಎಂ ಸೇರಿದ್ದ ಅವರ ರಾಜಕೀಯ ನಿಲುವುಗಳನ್ನು ಎಲ್ಲರೂ ಒಪ್ಪಿದರೆಂದಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವ ಸುಂದರಿ ಸ್ಪರ್ಧೆ ನಡೆದಾಗ ಪ್ರತಿಭಟನೆಗೆ ಬಂದು ಬಂಧನಕ್ಕೊಳಗಾದ ಈ 82ರ ಅಜ್ಜಿಯನ್ನು ಕರ್ನಾಟಕದ ಓದುಗರು ಮರೆತಿರಲಾರರು. ಎರಡೇ ವರ್ಷದಲ್ಲಿ, 1998ರಲ್ಲಿ, ಸರ್ಕಾರ ಅವರಿಗೆ ಪದ್ಮವಿಭೂಷಣ ನೀಡಿತು. 2002ರ ರಾಷ್ಟ್ರಪತಿ ಚುನಾವಣೆಯಲ್ಲಿ ಎಡಪಕ್ಷಗಳ ಅಭ್ಯರ್ಥಿಯಾಗಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ವಿರುದ್ಧ ಸ್ಪರ್ಧಿಸಿದಾಗ ಅವರಿಗೆ ದೊರೆತ ಮತಮೌಲ್ಯ 1,07,366. ಕಲಾಂ ಅವರದು 9,22,884. ಸೋಲು ನಿಶ್ಚಿತವೆಂದು ಅರಿತೇ ಅವರು ಕಣಕ್ಕಿಳಿದಿದ್ದರು.

ಪತಿ ಪ್ರೇಮ್ ಸೆಹಗಲ್ 1992ರಲ್ಲಿ ತೀರಿಕೊಂಡ ಬಳಿಕವೂ ದವಾಖಾನೆಯ ಬಾಗಿಲು ಮುಚ್ಚಲಿಲ್ಲ. 90 ದಾಟಿದ ಮೇಲೂ ಲಕ್ಷ್ಮೀ ಅಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದರು. 2012ರ ಜುಲೈ 19ರಂದು ಹೃದಯಾಘಾತವಾಗಿ, ನಾಲ್ಕು ದಿನಗಳ ನಂತರ ಕೊನೆಯುಸಿರೆಳೆದರು. ಅವರ ದೇಹವನ್ನು ಕಾನ್ಪುರದ ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಗಳ ಅಧ್ಯಯನಕ್ಕಾಗಿ ಒಪ್ಪಿಸಲಾಯಿತು.