ನಾರುಹುಣ್ಣೂ ಪಾವಟಿಗೆಯ ಬಾವಿಗಳೂ

ವಾಪೀಕೂಪತಟಾಕಗಳನ್ನು ಕಟ್ಟಿಸುವದನ್ನು ಧರ್ಮಶಾಸ್ತ್ರಕಾರರು ಪೂರ್ತವೆಂಬ ಹೆಸರಿನಿಂದ ಯಜ್ಞಯಾಗಗಳ ಸಾಲಿನಲ್ಲಿಯೇ ಇಟ್ಟಿರುವರು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಬಿಸಿಲು ಬಹಳ, ಮಳೆ ಕಡಮೆ. ಇಲ್ಲಿ ನೀರಿನ ದಾನಕ್ಕಿಂತ ಮಿಗಿಲಾದ ದಾನವಿರಲಿಲ್ಲ. ಆದುದರಿಂದ ಕೊಡ ಹೊತ್ತವರು ನೀರಿನವರೆಗೆ ಇಳಿಯಲು ಬರುವಂತೆ ಕಲ್ಲಿನ ಪಾವಟಿಗೆಗಳುಳ್ಳ ಬಾವಿಗಳನ್ನು ಹಿರಿಯರು ಕಟ್ಟಿಸಿದರು. ಆ ಪುಣ್ಯದ ಪಾವಟಿಗೆಗಳೇ ನಾರುಹುಣ್ಣೆಂಬ ವ್ಯಾಧಿಗೆ ದಾರಿಯಾದವು.

ವ್ಯಾಧಿಯು ಬಹು ಪುರಾತನವಾದುದು. ಭಾವಪ್ರಕಾಶವೆಂಬ ವೈದ್ಯಗ್ರಂಥದಲ್ಲಿ ಇದಕ್ಕೆ ಸ್ನಾಯುಕವೆಂದು ಹೆಸರು. ಕನ್ನಡದ ನಾರು, ಸಂಸ್ಕೃತದ ಸ್ನಾಯು ಎರಡೂ ತಂತುವನ್ನೇ ನೆನಪಿಗೆ ತರುವವು. ಕಾಲಿನ ಬೊಬ್ಬೆಯೊಡೆದು ಹೊರಬರುವ ಬಿಳಿಯ ಹುಳುವನ್ನು ಕಂಡವರಿಗೆ ಬೇರೆ ಹೆಸರು ಹೊಳೆಯುವದೂ ಕಷ್ಟ. ಅದರ ಉದ್ದ ಎರಡು ಮೂರು ಅಡಿ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕಿಷ್ಟಿಷ್ಟೇ ಎಳೆಯುತ್ತ ವಾರಗಟ್ಟಲೆ ಕಾಯಬೇಕು. ನಡುವೆ ಹರಿದರೆ ಕಾಲು ಬಾತು ಕೀವಾಗುವದು. ರೋಗಿ ಸಾಮಾನ್ಯವಾಗಿ ಸಾಯನು, ಏಳಲೂ ಆರನು. ಕೊಲ್ಲದ ರೋಗವೆಂಬ ಕಾರಣದಿಂದಲೇ ಬಹುಕಾಲ ಇದು ದೊರೆಗಳ ಲಕ್ಷ್ಯಕ್ಕೆ ಬೀಳಲಿಲ್ಲವೆಂದು ತೋರುತ್ತದೆ.

ಇದರ ಗುಟ್ಟನ್ನು ಬಿಡಿಸಿದವನು ಫೆದ್‌ಚೆಂಕೊ ಎಂಬ ರಷ್ಯನ್ ಪಂಡಿತ, 1870ರ ಸುಮಾರಿಗೆ. ಹುಣ್ಣಿನ ಉರಿ ತಾಳದೆ ರೋಗಿಯು ಕಾಲನ್ನು ನೀರಿಗಿಳಿಸಿದೊಡನೆ ಹೆಣ್ಣು ಹುಳುವು ಸಾವಿರಾರು ಮರಿಗಳನ್ನು ಚೆಲ್ಲುವದು. ಅವನ್ನು ಸೈಕ್ಲಾಪ್ಸ್ ಎಂಬ ಅತಿಸೂಕ್ಷ್ಮ ಜಲಜಂತು ನುಂಗುವದು. ಗ್ರೀಕರ ಪುರಾಣದ ಒಕ್ಕಣ್ಣ ರಾಕ್ಷಸನ ಹೆಸರು ಇದಕ್ಕೆ. ಈ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ಹುಳುವು ಸುಮಾರು ವರ್ಷವೊಂದು ಬೆಳೆದು, ಬಳಿಕ ಹೊರಬರುವದು. ಬೇಸಗೆಯಲ್ಲಿ ಬಾವಿಯ ನೀರು ತಳ ಹಿಡಿದಾಗ ಸೋಂಕು ಹೆಚ್ಚು. ಆದುದರಿಂದ ಮರುವರ್ಷ ಹುಣ್ಣೇಳುವದೂ ಅದೇ ಕಾಲಕ್ಕೆ. ಮುಂಗಾರಿನ ಬಿತ್ತನೆ ಎದುರಿಗಿರುವಾಗ ಒಕ್ಕಲಿಗನು ಹಾಸಿಗೆ ಹಿಡಿದರೆ ಆ ಮನೆಯ ವರ್ಷದ ಅನ್ನವೇ ಹೋದಂತೆ.

1948ರವರೆಗೆ ನಿಜಾಮರ ಆಳಿಕೆ, 1956ರಿಂದ ಮೈಸೂರು ರಾಜ್ಯ. ಆಳುವವರು ಬದಲಾದರೂ ಬಾವಿಯು ಬದಲಾಗಲಿಲ್ಲ. ಭಾರತ ಸರಕಾರವು 1983ರ ಸುಮಾರಿಗೆ ನಾರುಹುಣ್ಣಿನ ನಿರ್ಮೂಲನಕ್ಕೆ ತೊಡಗಿದಾಗ ದೇಶದಲ್ಲಿ ಸುಮಾರು 40,000 ರೋಗಿಗಳೂ, 12,000ಕ್ಕೆ ಮೇಲ್ಪಟ್ಟು ರೋಗಗ್ರಸ್ತ ಗ್ರಾಮಗಳೂ ಲೆಕ್ಕಕ್ಕೆ ಬಂದವು. ಕರ್ನಾಟಕದ ಪೀಡಿತ ಜಿಲ್ಲೆಗಳಲ್ಲಿ ಕಲಬುರ್ಗಿ, ರಾಯಚೂರು, ವಿಜಾಪುರಗಳಿದ್ದವು. ಹತ್ತಿಕುಣಿಯೂ ಅದರ ಸುತ್ತಣ ಊರುಗಳೂ ಆಗ ಕಲಬುರ್ಗಿ ಜಿಲ್ಲೆಗೇ ಸೇರಿದ್ದವು. ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ.

ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಮದ್ದೂ ಇಲ್ಲ. ಆದುದರಿಂದ ಆರೋಗ್ಯ ಇಲಾಖೆಯ ಭಾರವೆಲ್ಲ ಕೆಳಗಿನ ಕಾರ್ಯಕರ್ತರ ಹೆಗಲಿಗೆ ಬಿದ್ದಿತು. ವರ್ಷಕ್ಕೆ ಹಲವು ಸಲ ಮನೆಮನೆಗೆ ಹೋಗಿ, ಹುಳುವಿನ ಚಿತ್ರ ತೋರಿಸಿ, ಯಾರಿಗೆ ಹುಣ್ಣಿದೆಯೆಂದು ಕೇಳುವದು; ಹುಣ್ಣಿಗೆ ಪಟ್ಟಿ ಕಟ್ಟಿ, ರೋಗಿಯು ನೀರಿಗಿಳಿಯದಂತೆ ನೋಡುವದು; ಬಾವಿಗೆ ಟೆಮೆಫಾಸ್ ಎಂಬ ಔಷಧ ಹಾಕುವದು; ಕೊಡದ ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ ನೀರು ಸೋಸುವದನ್ನು ಹೆಂಗಸರಿಗೆ ತಿಳಿಸುವದು. ಈ ಕಡೆಯದರಲ್ಲಿ ಹೊಸತೇನಿದೆ? ನೀರನ್ನು ವಸ್ತ್ರದಿಂದ ಸೋಸಿಯೇ ಕುಡಿಯಬೇಕೆಂದು ಮನುಸ್ಮೃತಿಯೂ ವಿಧಿಸಿದೆ, ಜೈನರಂತೂ ವ್ರತವಾಗಿ ನಡೆಸಿದರು. ವಿಧಿಯು ಗ್ರಂಥದಲ್ಲಿ ಉಳಿದು ಅಡುಗೆಮನೆಯನ್ನು ಮುಟ್ಟಲಿಲ್ಲವೆಂಬುದೇ ಶೋಚನೀಯ.

ಎಲ್ಲಕ್ಕಿಂತ ಬಿಗಿಯಾದ ಕೆಲಸವೆಂದರೆ ಪಾವಟಿಗೆಗಳನ್ನು ಮುಚ್ಚಿ, ಕಟ್ಟೆ ಕಟ್ಟಿ, ಹಗ್ಗ ಗಡಗಡಿಗಳ ಸೇದುವ ಬಾವಿಯನ್ನಾಗಿ ಮಾಡುವದು. ಅಜ್ಜನ ಹೆಸರಿನ ಧರ್ಮಕಾರ್ಯದ ಮೇಲೆ ಕಲ್ಲು ಹೇರಲು ಯಾರ ಮನಸ್ಸು ತಾನೆ ಸುಲಭವಾಗಿ ಒಪ್ಪೀತು? ಒಪ್ಪಿಸುವ ಮಾತು ಹುಕುಮಿನಿಂದ ಆಗುವದಲ್ಲ; ಮೇಲಿಂದ ಮೇಲೆ ಬಂದು ಕಟ್ಟೆಯ ಮೇಲೆ ಕುಳಿತು ಆಡಬೇಕಾದದ್ದು. ಜೊತೆಗೆ ಕೊಳವೆಬಾವಿಗಳೂ ಕೈಪಂಪುಗಳೂ ಬಂದವು. ದೇಶದ ಕಟ್ಟಕಡೆಯ ರೋಗಿಯು 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಸಿಡುಬಿನ ಅಂತ್ಯವನ್ನು ಕೊಂಡಾಡಿದ ಜನ ಇದನ್ನು ಅಷ್ಟಾಗಿ ಕೊಂಡಾಡಲಿಲ್ಲ.

ಕೊಳವೆಬಾವಿಯ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಆಸುಪಾಸಿನ ನೆಲದ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿರುವದು ಮುಂದೆ ಪತ್ತೆಯಾಯಿತು. ಅದನ್ನು ಕುಡಿದವರ ಅಂಗೈ ಅಂಗಾಲುಗಳು ಒರಟಾಗಿ ಗಂಟುಕಟ್ಟಿದವು. ಆ ವಿಷವು ನೀರಿನಲ್ಲಿ ಕರಗಿರುವದರಿಂದ ಬಟ್ಟೆಯಲ್ಲಿ ಸೋಸಿದರೆ ಹೋಗುವದಿಲ್ಲ.