ಸ್ನಾಯುವಿನೊಳಗಿನ ದೈತ್ಯ: ಟೈಟಿನ್ ಪ್ರೋಟೀನಿನ ಇತಿಹಾಸ

ಜಾತ್ರೆ ಬಂದರೆ ಕುಸ್ತಿ ಕಣ, ದೀಪಾವಳಿ ಬಂದರೆ ಹೋರಿ ಹಬ್ಬ. ಪೈಲ್ವಾನನ ತೋಳು, ಹೋರಿಯ ಹೆಗಲು ನೋಡಿ ಬೆಲೆ ಕಟ್ಟುವ ಕಣ್ಣು ನಮ್ಮ ಸೀಮೆಯ ಹಿರಿಯರಿಗೆ ಇದೆ. ಆದರೆ ಎಳೆದ ಸ್ನಾಯು ಬಿಟ್ಟ ಕೂಡಲೇ ತನ್ನ ಮೊದಲಿನ ಅಳತೆಗೆ ಹೇಗೆ ಮರಳುತ್ತದೆ ಎಂಬ ಸಣ್ಣ ಪ್ರಶ್ನೆಗೆ 1970ರ ದಶಕದವರೆಗೆ ವಿಜ್ಞಾನಿಗಳ ಬಳಿಯೂ ಸರಿಯಾದ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತ ಹೋದವರಿಗೆ, ಕೆಲವು ಮನೆತನಗಳಲ್ಲಿ ಹರೆಯದವರ ಹೃದಯವೇ ಸೋತು ಹೋಗುವುದೇಕೆ ಎಂಬುದೂ ತಿಳಿಯಿತು. ಆ ಕಾರಣಕ್ಕೇ ಈ ಇತಿಹಾಸವನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಆರಿಸಿಕೊಂಡೆ.

1954ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದು ಆಂಡ್ರ್ಯೂ ಹಕ್ಸ್ಲಿಯವರ ತಂಡದ್ದು, ಇನ್ನೊಂದು ಹ್ಯೂ ಹಕ್ಸ್ಲಿಯವರ ತಂಡದ್ದು. ಅಡ್ಡಹೆಸರು ಒಂದೇ ಆದರೂ ಇಬ್ಬರಿಗೂ ನಂಟಸ್ತನವಿಲ್ಲ. ಸ್ನಾಯುವಿನಲ್ಲಿ ಮಯೋಸಿನ್ ಎಂಬ ದಪ್ಪ ಎಳೆ, ಆಕ್ಟಿನ್ ಎಂಬ ತೆಳು ಎಳೆ ಇವೆ, ಒಂದರ ಮೇಲೊಂದು ಜಾರಿದಾಗ ಸ್ನಾಯು ಕುಗ್ಗುತ್ತದೆ ಎಂದು ಇಬ್ಬರೂ ತೋರಿಸಿದರು. ವಿವರಣೆ ಎಷ್ಟು ಚೆನ್ನಾಗಿತ್ತೆಂದರೆ, ಇನ್ನೊಂದು ಎಳೆ ಇರಬಹುದೆಂಬ ಯೋಚನೆ ಹೆಚ್ಚಿನವರಿಗೆ ಬರಲೇ ಇಲ್ಲ. ಜಪಾನಿನ ರೇಜಿ ನಾತೊರಿ ಮಾತ್ರ ಅದೇ ಕಾಲದಲ್ಲಿ ಸ್ನಾಯುವಿನ ಎಳೆಯೊಂದರ ಮೇಲ್ಪೊರೆ ಸುಲಿದು ಎಳೆದು ನೋಡಿ, ಒಳಗೆ ರಬ್ಬರಿನಂತೆ ಹಿಗ್ಗುವ ಏನೋ ಇದೆ ಎಂದು ಗುರುತಿಸಿದ್ದರು.

ಅವರ ದಾರಿ ಹಿಡಿದ ಕೋಸಾಕು ಮರುಯಾಮಾ 1976-77ರ ಹೊತ್ತಿಗೆ ಆ ವಸ್ತುವನ್ನು ಬೇರ್ಪಡಿಸಿ ‘ಕನೆಕ್ಟಿನ್’ ಎಂದು ಕರೆದರು. 1979ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿದ್ದ ಕುವಾನ್ ವಾಂಗ್ ಇನ್ನೊಂದು ಕಡೆಯಿಂದ ಅಲ್ಲಿಗೇ ಬಂದರು. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಲು ಜೆಲ್ ಎಂಬ ಮೆತ್ತನೆಯ ಪದರದಲ್ಲಿ ಹರಿಸುತ್ತಾರೆ. ಸಣ್ಣವು ಬೇಗ ಕೆಳಗೆ ಇಳಿಯುತ್ತವೆ, ದೊಡ್ಡವು ಮೇಲೆ ಉಳಿಯುತ್ತವೆ. ನಮ್ಮ ಮನೆಗಳಲ್ಲಿ ಹಿಟ್ಟು ಸೋಸಿ ಸಾಣಿಗೆಯಲ್ಲಿ ಉಳಿದದ್ದನ್ನು ದನಕ್ಕೆ ಹಾಕುತ್ತಾರಲ್ಲ, ಹಾಗೆ ಮೇಲುಳಿದದ್ದನ್ನು ಕಡೆಗಣಿಸುವುದು ಸುಲಭ. ವಾಂಗ್ ಅದನ್ನೇ ಪರೀಕ್ಷೆಗೆ ಹಚ್ಚಿದರು. ಸಿಕ್ಕದ್ದು ಅಂದಿನವರೆಗೆ ಕಂಡ ಎಲ್ಲ ಪ್ರೋಟೀನುಗಳಿಗಿಂತ ದೊಡ್ಡದು. ಗ್ರೀಕ್ ಪುರಾಣದ ದೈತ್ಯರಾದ ಟೈಟನ್ನರ ಹೆಸರಿನಿಂದ ಅದಕ್ಕೆ ‘ಟೈಟಿನ್’ ಎಂದರು.

ಎಷ್ಟು ದೊಡ್ಡದು? ಇನ್ಸುಲಿನ್ 51 ಅಮೈನೋ ಆಮ್ಲಗಳ ಸರ. ಟೈಟಿನ್ ಸುಮಾರು 34,350ರ ಸರ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಒಂದೊಂದಕ್ಕೆ ಒಂದೊಂದು ಅಕ್ಷರ ಬರೆದರೂ ಸಾಲಿಗೆ 80ರಂತೆ 430 ಸಾಲು ಬೇಕು. ಅದರ ಪೂರ್ಣ ರಾಸಾಯನಿಕ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 1,89,819 ಅಕ್ಷರ ಆಗುತ್ತದೆ. (ಹಾಜರಿ ಪುಸ್ತಕದಲ್ಲಿ ಅಂಥ ಹೆಸರಿನವನೊಬ್ಬ ಇದ್ದಿದ್ದರೆ ಮೊದಲ ಪೀರಿಯಡ್ ಹಾಜರಿಯಲ್ಲೇ ಮುಗಿಯುತ್ತಿತ್ತು.) ಇಷ್ಟುದ್ದದ ಸರವನ್ನು ಪೂರ್ತಿ ಓದಿದ್ದು 1995ರಲ್ಲಿ, ಜರ್ಮನಿಯ ಸೀಗ್‌ಫ್ರೀಡ್ ಲಾಬೈಟ್ ಮತ್ತು ಬರ್ನ್‌ಹಾರ್ಡ್ ಕೋಲ್ಮೆರರ್.

ಸ್ನಾಯುವಿನ ಅತಿ ಸಣ್ಣ ಘಟಕ ಸಾರ್ಕೋಮಿಯರ್. ಅದರ ಅಂಚಿನಿಂದ ನಡುಮಧ್ಯದವರೆಗೆ ಒಂದೇ ಒಂದು ಟೈಟಿನ್ ಅಣು ಚಾಚಿಕೊಂಡಿರುತ್ತದೆ. ಮಯೋಸಿನ್ ಎಳೆಯನ್ನು ನಡುವೆ ಕೂರಿಸಿ ಹಿಡಿಯುವುದು, ಹಿಗ್ಗಿದ್ದನ್ನು ಮರಳಿ ಎಳೆದುಕೊಳ್ಳುವುದು ಅದರ ಕೆಲಸ. ಹೃದಯವೂ ಸ್ನಾಯುವೇ. ರಕ್ತ ತುಂಬಿಕೊಳ್ಳುವಾಗ ಅದು ಎಷ್ಟು ಹಿಗ್ಗಬೇಕು, ಎಷ್ಟಕ್ಕೆ ನಿಲ್ಲಬೇಕು ಎಂಬುದು ಬಹುಮಟ್ಟಿಗೆ ಈ ಸ್ಪ್ರಿಂಗಿನ ಬಿಗಿಯ ಮೇಲೆ ನಿಂತಿದೆ.

ಸ್ಪ್ರಿಂಗ್ ಕೆಟ್ಟರೆ? ಫಿನ್ಲೆಂಡಿನ ಕೆಲವು ಮನೆತನಗಳಲ್ಲಿ ನಡುವಯಸ್ಸು ದಾಟಿದ ಮೇಲೆ ಮೊಣಕಾಲ ಕೆಳಗಿನ ಮುಂಭಾಗದ ಸ್ನಾಯು ಸೊರಗಿ, ಪಾದ ಎತ್ತಿಡಲು ಕಷ್ಟವಾಗುತ್ತಿತ್ತು. ಅದಕ್ಕೆ ಟೈಟಿನ್ ಜೀನಿನ ದೋಷವೇ ಕಾರಣವೆಂದು 2002ರಲ್ಲಿ ಗೊತ್ತಾಯಿತು. ಹೃದಯದ ವಿಷಯ ಸ್ಪಷ್ಟವಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ಟೈಟಿನ್ ಜೀನ್ 363 ತುಂಡುಗಳಲ್ಲಿದೆ, ಅಷ್ಟನ್ನೂ ಓದುವ ಖರ್ಚು ಮೊದಲು ಯಾರಿಗೂ ಎಟುಕುತ್ತಿರಲಿಲ್ಲ. ಯಂತ್ರಗಳು ಅಗ್ಗವಾದ ಮೇಲೆ, 2012ರಲ್ಲಿ, ಹೃದಯ ದೊಡ್ಡದಾಗಿ ಸಡಿಲಗೊಳ್ಳುವ ಕಾಯಿಲೆ ವಂಶದಲ್ಲೇ ಇರುವವರ ಪೈಕಿ ಸುಮಾರು ಕಾಲು ಭಾಗದವರಲ್ಲಿ ಟೈಟಿನ್ ಅರ್ಧಕ್ಕೇ ತುಂಡಾಗುವಂಥ ದೋಷ ಕಂಡುಬಂತು. 2016ರಲ್ಲಿ, ಹೆರಿಗೆಯ ಆಸುಪಾಸಿನಲ್ಲಿ ಹೃದಯ ಸೋತ 172 ಹೆಂಗಸರನ್ನು ಪರೀಕ್ಷಿಸಿದಾಗ 15% ಜನರಲ್ಲಿ ಇಂಥ ತುಂಡಾಗಿಸುವ ದೋಷಗಳಿದ್ದವು, ಹೆಚ್ಚಿನವು ಟೈಟಿನ್‌ನಲ್ಲೇ.

ಈ ಕೊನೆಯ ಸಂಗತಿ ನಮ್ಮೂರಿನವರು ಕಿವಿಗೊಡಬೇಕಾದದ್ದು. ಬಾಣಂತಿಯ ಕಾಲು ಊದಿದರೆ ನಮ್ಮಲ್ಲಿ “ನಂಜು ಏರೈತಿ” ಎನ್ನುತ್ತಾರೆ, ನೀರು ಕಡಿಮೆ ಕೊಡುತ್ತಾರೆ, ಪಥ್ಯ ಮಾಡಿಸುತ್ತಾರೆ. ಎಲ್ಲ ಊತವೂ ಹೃದಯದ್ದಲ್ಲ, ನಿಜ. ಆದರೆ ಊತದ ಜೊತೆ ಏದುಸಿರು, ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು ಇದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ದು ಎಕೋ ಮಾಡಿಸಬೇಕು. “ಹಾರ್ಟ್ ಫೇಲ್ ಆತು” ಎಂದು ನಾವು ಸಾವಿಗೇ ಹೇಳಿಬಿಡುತ್ತೇವೆ. ವೈದ್ಯರ ಮಾತಿನಲ್ಲಿ ಅದು ಬದುಕಿರುವಾಗಲೇ ಶುರುವಾಗುವ, ಔಷಧವಿರುವ ಕಾಯಿಲೆ.

ನಮ್ಮ ದೇಶದ ಕಥೆ ಟೈಟಿನ್‌ನ ನೆರೆಮನೆಯದು. ಟೈಟಿನ್ ಮತ್ತು ಮಯೋಸಿನ್ ಎರಡಕ್ಕೂ ಅಂಟಿಕೊಳ್ಳುವ ‘ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ’ ಎಂಬುದಿದೆ. ಇದರ ಜೀನಿನಲ್ಲಿ 25 ಅಕ್ಷರ ಕಳೆದುಹೋದ ಒಂದು ರೂಪ ಭಾರತೀಯರ ಪೈಕಿ ನೂರಕ್ಕೆ ನಾಲ್ವರಲ್ಲಿದೆ, ಅಂಥವರಿಗೆ ಹೃದಯ ಸೋಲುವ ಅಪಾಯ ಹೆಚ್ಚು ಎಂದು 2009ರಲ್ಲಿ ಪೆರುಂದುರೈ ದಂಡಪಾಣಿ, ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮೊದಲಾದವರು ಪ್ರಕಟಿಸಿದರು. ಐವತ್ತು ಮಕ್ಕಳ ಒಂದು ತರಗತಿಗೆ ಇಬ್ಬರಂತೆ ಲೆಕ್ಕ. ದಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯ ಸ್ನಾಯುವಿನ ಸಂಶೋಧನೆ ಮುಂದುವರಿಸಿದರು.

ಇಂಥ ದೋಷ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಟೈಟಿನ್ ದೋಷವಿದ್ದೂ ಮುಪ್ಪಿನವರೆಗೆ ಗಟ್ಟಿಯಾಗಿ ಬಾಳುವವರಿದ್ದಾರೆ. ವಿಪರೀತ ಕುಡಿತ, ಕ್ಯಾನ್ಸರಿನ ಕೆಲವು ಔಷಧ, ಬಸಿರಿನ ಭಾರ ಇವು ಅಡಗಿದ್ದ ದೋಷವನ್ನು ಹೊರಗೆ ತರಬಲ್ಲವು. ಜೀನನ್ನೇ ಸರಿಪಡಿಸುವುದು ಸದ್ಯಕ್ಕೆ ದೂರದ ಮಾತು: ಸರಿಯಾದ ಜೀನನ್ನು ಹೊತ್ತೊಯ್ಯಲು ಬಳಸುವ ವೈರಸ್ಸಿಗೆ 4,700 ಅಕ್ಷರಗಳಷ್ಟೇ ಹಿಡಿಸುತ್ತವೆ, ಟೈಟಿನ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಬೇಕು. ಆದರೆ ಹೃದಯ ಸೋಲಿಗೆ ಈಗಾಗಲೇ ಇರುವ ಮಾತ್ರೆಗಳಿಗೆ ಟೈಟಿನ್ ದೋಷದ ಹೃದಯಗಳು ಸಾಕಷ್ಟು ಚೆನ್ನಾಗಿ ಸ್ಪಂದಿಸುತ್ತವೆ. ಮನೆಯಲ್ಲಿ ಒಬ್ಬರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯ ದೊಡ್ಡದಾಗಿದೆ ಎಂದು ವೈದ್ಯರು ಹೇಳಿದರೆ, ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಒಮ್ಮೆ ಎಕೋ ಮಾಡಿಸುವುದು ಈಗಿನ ಪದ್ಧತಿ. ನೋವಿಲ್ಲದ ಆ ಪರೀಕ್ಷೆ ಹುಬ್ಬಳ್ಳಿಯಲ್ಲೇ ಆಗುತ್ತದೆ.